ಪುಸ್ತಕದಕ್ಕನ ನಲವತ್ತೆರಡು ಪೆಟ್ಟಿಗೆಗಳು

ಪುಸ್ತಕದಕ್ಕನನ್ನು ಗ್ರಂಥಾಲಯದ ಕೆಲಸದಿಂದ ತೆಗೆದುಹಾಕಿದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಮೂವತ್ತೊಂದು ಹೆಂಗಸರಿಗೆ, ಮನೆಮಾಲೀಕರ ಜಾಮೀನು ಸಹಿ ಇಲ್ಲದೆ, ತಲೆಗೊಂದು ಪುಸ್ತಕ ಎರವಲು ಕೊಟ್ಟಿದ್ದರು ಎಂಬುದು ಆರೋಪ. ಮೂವತ್ತೊಂದು ಪುಸ್ತಕಗಳೂ ವಾಪಸ್ ಬಂದಿದ್ದವು.

ಅದಾಗಿ ನಲವತ್ತು ವರ್ಷ.

ಆಕೆ ಅಳುತ್ತಾ ಕೂರಲಿಲ್ಲ. ಚಪ್ಪಲಿ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಯಾರ ಜಾಮೀನೂ ಕೇಳದ ಪುಟ್ಟ ಬ್ಯಾಂಕೊಂದನ್ನು ತೆರೆದರು. ಬ್ಯಾಂಕಿನ ಒಡತಿಯಾದರೂ ಬೀದಿಯ ಬಾಯಲ್ಲಿ ಕೊನೆಯವರೆಗೂ ಪುಸ್ತಕದಕ್ಕನೇ. ಸಣ್ಣ ಮೀನು ಕೊಬ್ಬಿದರೆ ದೊಡ್ಡ ಮೀನಿಗೆ ಹಸಿವಾಗುತ್ತದೆ. ಒಂದು ದೊಡ್ಡ ಬ್ಯಾಂಕು ಬಂದು ಇದನ್ನು ನುಂಗಿತು. ಆಕೆ ತೀರಿಕೊಂಡ ಮೇಲೆ, ಗೋದಾಮಿನಲ್ಲಿ ಜಾಗ ಇಲ್ಲವೆಂದು, ಆಕೆಯ ವ್ಯವಹಾರದ ಕಾಗದಪತ್ರಗಳನ್ನೆಲ್ಲ ನಲವತ್ತೆರಡು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ದಾನ ಮಾಡಿತು. ದಾನ ಬಂದು ಇಳಿದದ್ದು ಬೇರೆಲ್ಲೂ ಅಲ್ಲ, ಆಕೆಯನ್ನು ಹೊರಗೆ ಹಾಕಿದ ಅದೇ ಗ್ರಂಥಾಲಯದ ಹಿಂಬಾಗಿಲಿಗೆ.

ಅಲ್ಲಿ ಅವನ್ನು ಬಿಚ್ಚಿ, ಧೂಳು ಕೊಡವಿ, ಪಟ್ಟಿ ಮಾಡುವ ಕೆಲಸ ಕಡತಗಿತ್ತಿಯ ಪಾಲಿಗೆ ಬಂತು.

ಕಡತಗಿತ್ತಿ ಎಂಬ ಹೆಸರು ಇಟ್ಟವಳು ಬೈಂಡಿಂಗ್ ದೊಡ್ಡಮ್ಮ. ಹಳೆಯ ಪುಸ್ತಕಗಳಿಗೆ ಬೆನ್ನು ಹೊಲಿದು ಹೊಲಿದು ತನ್ನ ಬೆನ್ನು ಬಗ್ಗಿಸಿಕೊಂಡವಳು, ಬಾಯಿ ಮಾತ್ರ ನೆಟ್ಟಗೆ. “ಹೆರಿಗೆ ಮಾಡಿಸೋಳು ಸೂಲಗಿತ್ತಿ, ಹೂವು ಮಾರೋಳು ಹೂವಾಡಗಿತ್ತಿ. ಕಾಗದದ ಹೊಟ್ಟೆಯಿಂದ ನಿಜ ಎಳೆದು ಹೊರಗೆ ಹಾಕೋ ನೀನು ಕಡತಗಿತ್ತಿ ಕಣೇ!” ಎಂದಿದ್ದಳು. ಹೆಸರು ಅಂಟಿಕೊಂಡಿತು. ಅಂಟಿಕೊಳ್ಳದೆ ಇದ್ದದ್ದು ಕೆಲಸ: ವರ್ಷವರ್ಷವೂ ಹೊಸ ಒಪ್ಪಂದ, ಈ ವರ್ಷದ್ದು ಇನ್ನೂ ನಿರ್ದೇಶಕರ ಮೇಜಿನ ಮೇಲೆ ಸಹಿಯಿಲ್ಲದೆ ಮಲಗಿತ್ತು.

ಪಟ್ಟಿಯ ಮೊದಲ ಪುಟಕ್ಕೆ ಅವಳು ಮೊದಲ ದಿನವೇ ಒಂದು ಸಾಲು ಬರೆದಿಟ್ಟಿದ್ದಳು. ‘ಈ ಗ್ರಂಥಾಲಯವು ಅವರನ್ನು ಕೆಲಸದಿಂದ ತೆಗೆದುಹಾಕಿತು.’ ಅಷ್ಟೇ. ಉಪ್ಪು ಖಾರ ಏನೂ ಇಲ್ಲ.

*

ಅವನು ಬಂದದ್ದು ದೊಡ್ಡ ಬ್ಯಾಂಕಿನ ಕಡೆಯಿಂದ. ಗಂಜಿ ಹಾಕಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಅಂಗಿಗಿಂತ ಗಟ್ಟಿಯಾದ ಮುಖ.

“ಗುಪ್ತ ಖಾತೆಗಳು ಎಲ್ಲಿವೆ?” ಎಂದ, ನಮಸ್ಕಾರಕ್ಕೂ ಮುಂಚೆ.

ಅವಳು ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದಳು. ಉತ್ತರವಾಗಿ ಸೀನಿದಳು.

“ಏನಂದ್ರಿ?”

“ಮೊದಲು ಆ ಕಡೆ ಕೂತ್ಕೊಂಡು...” ಎರಡನೆಯ ಸೀನು. “...ಬೇಡಿಕೆ ಚೀಟಿ ತುಂಬಿ.” ಮೂರನೆಯದು ಎಷ್ಟು ಜೋರಾಗಿತ್ತೆಂದರೆ ಅವನ ಕೊರಳಿನ ಗುರುತಿನ ಚೀಟಿ ತಿರುಗಿ ಬಿತ್ತು.

ಪ್ರತಿ ಪೆಟ್ಟಿಗೆಗೂ ಮೂರೇ ಸೀನು. ಅದು ಅವಳ ಮೂಗಿನ ಕಾನೂನು.

ಅವನು ಚೀಟಿ ತುಂಬಿದ. ಪೆಟ್ಟಿಗೆ ಸಂಖ್ಯೆ: ಒಂದು. ಕಾರಣ: ಕಚೇರಿ ಕೆಲಸ. ಆಮೇಲೆ ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದ.

“ನೋಡಿ ಮೇಡಂ. ೬೪೬/೧೭. ೬೩೬/೪. ೬೮೪/೯. ಇಂಥ ನಂಬರು ಮುನ್ನೂರಕ್ಕೂ ಹೆಚ್ಚಿವೆ. ನಮ್ಮ ಯಾವ ದಾಖಲೆಗೂ ಇವು ಹೊಂದ್ತಾ ಇಲ್ಲ. ಬಚ್ಚಿಟ್ಟ ಖಾತೆಗಳು ಅಂತ ನಮ್ಮ ಆಡಿಟಿನವರ ಅನುಮಾನ. ಒಂದು ತಿಂಗಳು ಟೈಮ್ ಕೊಟ್ಟು ನನ್ನನ್ನ ಕಳಿಸಿದ್ದಾರೆ.”

ಅವಳು ಹಾಳೆ ನೋಡಿದಳು. ಅವನ ಮುಖ ನೋಡಿದಳು. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡಳು, ನಗು ತಪ್ಪಿಸಿಕೊಂಡು ಹೋಗದ ಹಾಗೆ.

“ಬನ್ನಿ,” ಎಂದು ಎದ್ದಳು.

ಕೆಳಗಿನ ಮಹಡಿಯಲ್ಲಿ, ಪುಸ್ತಕದ ಸಾಲುಗಳ ನಡುವೆ, ಅವನನ್ನು ಒಂದು ಕಪಾಟಿನ ಮುಂದೆ ನಿಲ್ಲಿಸಿದಳು. “ಆರುನೂರ ನಲವತ್ತಾರು. ಬೆನ್ನು ಓದಿ.”

“ಹೊಲಿಗೆ... ಬಟ್ಟೆ ಕತ್ತರಿಸುವ ಕಲೆ...” ಅವನ ದನಿ ಸ್ವಲ್ಪ ಕುಗ್ಗಿತು.

“ಆರುನೂರ ಮೂವತ್ತಾರು?”

“ಹಸು ಸಾಕಣೆ.”

“ಆರುನೂರ ಎಂಬತ್ತನಾಲ್ಕು?”

“ಮರಗೆಲಸ,” ಎಂದವನ ಕಿವಿಗಳು ಅಷ್ಟು ಹೊತ್ತಿಗೆ ದಾಸವಾಳವಾಗಿದ್ದವು.

“ಹದಿನೇಳನೇ ಹೊಲಿಗೆ ಯಂತ್ರ. ನಾಲ್ಕನೇ ಹಸು. ಒಂಬತ್ತನೇ ಬಡಗಿ. ಅಕ್ಕ ಬ್ಯಾಂಕು ಕಟ್ಟಿದರೂ ಕೈ ಗ್ರಂಥಪಾಲಕಿಯದ್ದೇ ಅಲ್ವಾ? ಖಾತೆಗಳನ್ನ ಯಾರು ಅಂತ ಜೋಡಿಸಲಿಲ್ಲ. ಯಾತಕ್ಕೆ ಅಂತ, ನಮ್ಮ ಪುಸ್ತಕದ ನಂಬರಲ್ಲೇ ಜೋಡಿಸಿದರು.”

“ಅಂದ್ರೆ ನಾನು ಒಂದು ಹಸುವನ್ನ ಗುಪ್ತ ಖಾತೆ ಅಂತ...”

“ಹೂಂ. ಪಾಪ, ಕೊಂಬು ಮುಚ್ಚಿಟ್ಕೊಂಡು ನಿಂತಿತ್ತು.”

ಆಗ ಅವನು ನಕ್ಕ. ಗಂಜಿ ಹಾಕಿದ ಅಂಗಿಯೊಳಗಿಂದ ಅಂಥ ಮೆತ್ತನೆಯ ನಗು ಬರಬಹುದೆಂದು ಅವಳು ನಿರೀಕ್ಷಿಸಿರಲಿಲ್ಲ. ಎರಡು ಕಪಾಟುಗಳ ನಡುವೆ ಜಾಗ ಬಹಳ ಕಡಿಮೆ ಇದೆ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಐದು ವರ್ಷದಿಂದ ಅದೇ ಸಂದಿಯಲ್ಲಿ ಓಡಾಡುತ್ತಿದ್ದವಳಿಗೆ!

*

ಅನುಮಾನ ಪರಿಹಾರವಾಯಿತು, ಅವನು ಹೋಗಿಬಿಡುತ್ತಾನೆ ಎಂದುಕೊಂಡಿದ್ದಳು. ಮರುದಿನ ಹತ್ತು ಗಂಟೆಗೆ ಬಾಗಿಲು ತೆರೆದರೆ ಅವನೇ ಮೊದಲನೆಯವನು.

“ಮೇಡಂ, ಒಂದು ಡೌಟು. ಇಷ್ಟೆಲ್ಲ ಖಾತೆ ಕಾರ್ಡು ನೋಡಿದೆ, ಎಲ್ಲೂ ‘ಸಾಲ’ ಅನ್ನೋ ಪದವೇ ಇಲ್ಲ. ಬ್ಯಾಂಕು ತಾನೇ ಇದು?”

ಅವಳು ಐದನೆಯ ಪೆಟ್ಟಿಗೆಯಿಂದ ಅಚ್ಚಾದ ಅರ್ಜಿಗಳ ಕಟ್ಟೊಂದನ್ನು ತಂದಳು. ‘ಸಾಲದ ಅರ್ಜಿ’ ಎಂದು ಅಚ್ಚಾಗಿದ್ದಲ್ಲೆಲ್ಲ ನೀಲಿ ಶಾಯಿಯ ಗೆರೆ. ಮೇಲೆ ದುಂಡನೆಯ ಅಕ್ಷರದಲ್ಲಿ ‘ಎರವಲು’. ಒಂದಲ್ಲ, ಎರಡಲ್ಲ, ಕಟ್ಟಿನಲ್ಲಿದ್ದ ಅಷ್ಟೂ ಹಾಳೆಗಳಲ್ಲಿ, ಒಂದೊಂದನ್ನೂ ಪುಸ್ತಕದಕ್ಕ ಕೈಯಲ್ಲೇ ತಿದ್ದಿದ್ದರು. ಜೊತೆಗೆ ಅಚ್ಚಿನ ಮನೆಯವನಿಗೆ ಬರೆದ ಪತ್ರದ ನಕಲು. ಅವಳು ಮೆಲ್ಲಗೆ ಓದಿದಳು:

“‘ನಿಮ್ಮ ತಪ್ಪಲ್ಲ, ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಸಾಲ ಎಂದರೆ ಕೊಟ್ಟವನು ಮೆಟ್ಟಿಲ ಮೇಲೆ, ಈಸಿಕೊಂಡವನು ಕೆಳಗೆ. ಎರವಲು ಎಂದರೆ ಪಕ್ಕದ ಮನೆ. ಮುಂದಿನ ಸಲ ಹಾಗೆ ಅಚ್ಚು ಮಾಡಿ.’”

ಅವನು ಒಂದು ಅರ್ಜಿಯನ್ನು ಎತ್ತಿ ಅದರ ಬೆನ್ನು ನೋಡಿದ. ತೀರಿದ ಪ್ರತಿಯೊಂದು ಎರವಲಿನ ಹಿಂದೆಯೂ ಒಂದೇ ರಬ್ಬರ್ ಮೊಹರು: ‘ತಂದುಕೊಟ್ಟಿದ್ದಕ್ಕೆ ವಂದನೆ.’

“ಕೊಟ್ಟವರೇ ಥ್ಯಾಂಕ್ಸ್ ಹೇಳ್ತಿದ್ರಾ?” ಅವನ ದನಿ ಯಾಕೋ ಒದ್ದೆಯಾಗಿತ್ತು. “ನಮ್ಮ ಬ್ಯಾಂಕಲ್ಲಿ ತೀರಿಸಿದ ಮೇಲೂ ಗುರ್ ಅಂತಾರೆ.”

“ಅದಕ್ಕೇ ನನಗೆ ದಿನಾ ಈ ಪೆಟ್ಟಿಗೆ ತೆಗೆಯೋವಾಗ...” ಅವಳು ನಿಲ್ಲಿಸಿದಳು. ಹೇಳಬೇಕೆಂದದ್ದು ದೊಡ್ಡದಾಗಿತ್ತು: ಒಬ್ಬಳು ಹೀಗೂ ಬದುಕಿದ್ದಳು ಎಂಬುದೇ ತನಗೆ ಯಾರೋ ಮಾಡಿದ ಉಪಕಾರ ಅನ್ನಿಸುತ್ತದೆ ಎಂದು.

“ಸೀನು ಬರುತ್ತೆ,” ಎಂದು ಅವನು ಪೂರ್ತಿ ಮಾಡಿದ. “ಈಗ ಎರಡಾಯ್ತು. ಒಂದು ಬಾಕಿ ಇದೆ.”

ಬಂತು. ಇಬ್ಬರೂ ನಕ್ಕರು. ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ದೊಡ್ಡಮ್ಮ ದಾರವನ್ನು ಬಿಟ್ಟು ಇವರನ್ನೇ ನೋಡಿದಳು.

*

ಆಮೇಲೆ ಶುರುವಾಯಿತು ಚೀಟಿಗಳ ಆಟ.

ಆರನೆಯ ದಿನ. ಕಾರಣ: ಕಚೇರಿ ಕೆಲಸ ಮುಗಿದಿಲ್ಲ.

ಒಂಬತ್ತನೆಯ ದಿನ. ಕಾರಣ: ಕಚೇರಿ ಕೆಲಸ ಮುಗಿದಿದೆಯೇ ಎಂದು ಖಚಿತ ಮಾಡಿಕೊಳ್ಳಲು.

ಹದಿನಾಲ್ಕನೆಯ ದಿನ. ಕಾರಣ: ಖಚಿತವಾಗಿಲ್ಲ.

ಅವಳು ಕೆಂಪು ಪೆನ್ಸಿಲಿನಲ್ಲಿ ‘ಕಾರಣ ಅಸ್ಪಷ್ಟ, ಮತ್ತೆ ಬರೆಯಿರಿ’ ಎಂದು ಬರೆದು ಚೀಟಿಯನ್ನು ಹಿಂದಿರುಗಿಸಿದಳು. ಐದು ನಿಮಿಷ ತಲೆ ಕೆರೆದುಕೊಂಡು ಅವನು ತಂದದ್ದು: ‘ಈ ಕೋಣೆಯ ಬೆಳಕು ಚೆನ್ನಾಗಿದೆ.’

ಹೊರಗೆ ಮೋಡ. ಒಳಗೆ ಒಂದೇ ಒಂದು ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು.

“ಟ್ಯೂಬ್‌ಲೈಟ್ ನೋಡೋಕೆ ಬರ್ತಿದೀರಾ?”

“ಆಫೀಸಲ್ಲಿ ನನ್ನನ್ನೇ ಟ್ಯೂಬ್‌ಲೈಟ್ ಅಂತಾರೆ ಮೇಡಂ. ನಿಧಾನಕ್ಕೆ ಹತ್ಕೊಳ್ತೀನಂತೆ.”

“ಹತ್ಕೊಂಡಿದ್ಯಾ?” ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ತಲೆ ಎತ್ತಿದ. ಆ ನೋಟ ಅವಳ ಹಣೆಗೆ ಅಂಟಿದ್ದ ಕಾಗದದ ಚೂರಿನಿಂದ ಹೊರಟು, ಹುಬ್ಬು ದಾಟಿ, ಕಣ್ಣಿನ ಬಾಗಿಲಲ್ಲಿ ಬಂದು ಚಪ್ಪಲಿ ಬಿಟ್ಟು ನಿಂತಿತು. ಒಳಗೆ ಬರಲಾ ಎಂದು ಕೇಳಲಿಲ್ಲ. ಸುಮ್ಮನೆ ನಿಂತಿತು, ಅಷ್ಟೇ.

“ಚೋಕು ಹೋಗಿರ್ಬೇಕು,” ಎಂದಳು ಮೂಲೆಯಿಂದ ದೊಡ್ಡಮ್ಮ. “ಪಟಪಟ ಅಂತಿದೆ, ಉರೀತಿಲ್ಲ.”

ಇನ್ನೊಂದು ದಿನ ಅವನು ಕಪಾಟುಗಳ ಕಡೆ ಕೈ ತೋರಿಸಿ ಕೇಳಿದ. “ಪ್ರತಿಯೊಂದಕ್ಕೂ ಒಂದು ನಂಬರ್ ಇದೆ ಅಂತೀರಲ್ಲ. ಒಬ್ಬ ಮನುಷ್ಯ ದಿನಾ ಸುಮ್ಸುಮ್ನೆ ಒಂದೇ ಕಡೆ ಬಂದು ಕೂತ್ಕೊಳ್ಳೋದಕ್ಕೆ ಯಾವ ನಂಬರು?”

“ಸೋಮಾರಿತನವಾ? ನೋಡ್ಬೇಕು.”

“ಸೋಮಾರಿ ಆಗಿದ್ರೆ ಮನೇಲೇ ಇರ್ತಿದ್ದೆ.”

ಅವಳು ಪೆಟ್ಟಿಗೆಯ ದಾರ ಬಿಗಿಯುತ್ತಾ, ಅವನ ಕಡೆ ನೋಡದೆ ಹೇಳಿದಳು. “ನೂರ ಎಪ್ಪತ್ತೇಳು. ನೀತಿಶಾಸ್ತ್ರ. ಮನುಷ್ಯ ಮನುಷ್ಯರ ನಡುವಿನ ಸಂಬಂಧ.”

ಅವನು ಕೆಳಗಿಳಿದು ಹೋದ. ಅರ್ಧ ಗಂಟೆ ಬಿಟ್ಟು ಬಂದ. “ಪುಸ್ತಕ ಇಲ್ಲ ಅಲ್ಲಿ. ಯಾರೋ ತಗೊಂಡು ಹೋಗಿದಾರಂತೆ.”

ಆ ಪುಸ್ತಕ ಅವಳ ಕೈಚೀಲದಲ್ಲಿತ್ತು.

*

ಇಪ್ಪತ್ತಾರನೆಯ ದಿನ ಅವನು ಚೀಟಿಯನ್ನೇ ತುಂಬಲಿಲ್ಲ. ಮೇಜಿನ ಮುಂದೆ ಬಂದು ನಿಂತ, ಶಾಲೆಯಲ್ಲಿ ತಪ್ಪು ಮಾಡಿದವನ ಹಾಗೆ.

“ಒಂದು ವಿಷಯ ಮುಚ್ಚಿಟ್ಟಿದ್ದೆ. ಈ ಕೆಲಸ ನನಗೆ ಕೊಟ್ಟಿದ್ದಲ್ಲ, ನಾನೇ ಕೇಳಿ ತಗೊಂಡಿದ್ದು. ನಮ್ಮಮ್ಮ ದೊಡ್ಡ ಲಾಂಡ್ರಿಯಲ್ಲಿದ್ರು. ಆ ಮೂವತ್ತೊಂದು ಜನರಲ್ಲಿ ಒಬ್ರು. ವಿಚಾರಣೆ ಕಾಗದ ಒಂದಿತ್ತು, ಸುಟ್ಟುಹಾಕಿರ್ತಾರೆ ಅಂತ ಯಾವಾಗಲೂ ಹೇಳೋರು. ಅದನ್ನೇ ಹುಡುಕ್ತಾ ಇದ್ದೆ. ಏಳನೇ ಪೆಟ್ಟಿಗೇಲಿ ಇದೆ. ನಾಳೆ ಅಮ್ಮನ್ನ ಕರ್ಕೊಂಡು ಬರ್ಲಾ?”

ಅವಳಿಗೆ ಏಳನೆಯ ಪೆಟ್ಟಿಗೆಯ ಆ ಕಡತ ಗೊತ್ತಿತ್ತು. ಕೆಲಸದಿಂದ ಹೊರಬೀಳುವಾಗ ಪುಸ್ತಕದಕ್ಕ ತಮ್ಮ ಜೊತೆ ಒಯ್ದಿದ್ದ ಒಂದೇ ಒಂದು ವಸ್ತು. ಆದರೆ ಆ ಗಳಿಗೆ ಅವಳಿಗೆ ಕೇಳಿಸಿದ್ದು ಬೇರೆಯೇ. ಹುಡುಕ್ತಾ ಇದ್ದೆ. ಅಂದರೆ ಕಾರಣ ಇತ್ತು. ಸ್ಪಷ್ಟವಾಗೇ ಇತ್ತು. ಟ್ಯೂಬ್‌ಲೈಟು, ಬೆಳಕು, ನೂರ ಎಪ್ಪತ್ತೇಳು, ಎಲ್ಲ ಒಂದು ಕಡತದ ಸಲುವಾಗಿ!

“ಕರ್ಕೊಂಡು ಬನ್ನಿ,” ಎಂದಳು. ಮಾತು ಮರದ ಹಾಗೆ ಹೊರಬಂತು. “ಇಷ್ಟಕ್ಕೆ ಇಷ್ಟೊಂದು ದಿನ ನಾಟಕ ಆಡ್ಬೇಕಿರ್ಲಿಲ್ಲ. ಮೊದಲನೇ ದಿನವೇ ಕೇಳಿದ್ರೆ ತೆಗೆದುಕೊಡ್ತಿದ್ದೆ.”

ಅವನು ಬಾಗಿಲವರೆಗೆ ಹೋದ. ತಿರುಗಿದ.

“ಕಡತ ನನಗೆ ಸಿಕ್ಕಿದ್ದು ಹನ್ನೊಂದನೇ ದಿನ ಮೇಡಂ. ಇವತ್ತು ಇಪ್ಪತ್ತಾರನೇ ದಿನ.”

ಹೋಗಿಬಿಟ್ಟ.

ಅವಳು ನಂಬಲಿಲ್ಲ. ಕಡತಗಿತ್ತಿ ಬಾಯಿಮಾತು ನಂಬುವವಳೇ? ದಾಖಲೆ ಬೇಕು. ರಿಜಿಸ್ಟರು ತೆಗೆದಳು. ಏಳನೆಯ ಪೆಟ್ಟಿಗೆ, ಹೌದು, ಹನ್ನೊಂದನೆಯ ದಿನ. ಅದರ ನಂತರದ ಪುಟಗಳ ಮೇಲೆ ಬೆರಳು ಓಡಿಸಿದಳು. ಹದಿನೆಂಟನೆಯ ದಿನ ಕರೆಂಟ್ ಬಿಲ್ಲುಗಳ ಪೆಟ್ಟಿಗೆ. ಇಪ್ಪತ್ತನೆಯ ದಿನ ಕಿಟಕಿ ಪರದೆ ಕೊಂಡ ರಸೀದಿಗಳು. ಇಪ್ಪತ್ತೆರಡು ಮತ್ತು ಇಪ್ಪತ್ತಮೂರನೆಯ ದಿನ ಮೂವತ್ತೆಂಟನೆಯ ಪೆಟ್ಟಿಗೆ.

ಮೂವತ್ತೆಂಟರಲ್ಲಿ ಇದ್ದದ್ದು ಬರೀ ಖಾಲಿ ನಮೂನೆಗಳು. ಏನೂ ಬರೆಯದ ಹಾಳೆಗಳು. ಅವನ್ನು ಅವನು ಎರಡು ದಿನ, ಹತ್ತರಿಂದ ಐದರವರೆಗೆ, ಪುಟ ತಿರುಗಿಸಿ ತಿರುಗಿಸಿ ಓದಿದ್ದ.

“ಪೆಟ್ಟಿಗೆ ತೆಗೆದಿಲ್ಲ, ಸೀನು ಬಂದಿಲ್ಲ,” ಎಂದಳು ದೊಡ್ಡಮ್ಮ ಪಕ್ಕದಲ್ಲಿ ಬಂದು ನಿಂತು. “ಕಣ್ಣಲ್ಲಿ ಯಾಕೇ ನೀರು?”

“ಧೂಳು ದೊಡ್ಡಮ್ಮ.”

“ಹೂಂ. ಇಪ್ಪತ್ತಾರು ದಿನದ ಧೂಳು.”

*

ಅವನ ಅಮ್ಮ ಪುಟ್ಟ ಹೆಂಗಸು. ನಡೆಯುವಾಗ ಬಲ ಭುಜ ಸ್ವಲ್ಪ ಕೆಳಗೆ, ಇನ್ನೂ ಬಕೆಟ್ ಹಿಡಿದೇ ಇದ್ದ ಹಾಗೆ. ಕಡತವನ್ನು ಮುಂದಿಟ್ಟರೆ ಮುಟ್ಟದೆ ಎದ್ದರು.

“ಈ ಕೈ ತೊಳೆದಷ್ಟು ಈ ಊರಲ್ಲಿ ಯಾವ ಕೈಯೂ ತೊಳೆದಿಲ್ಲ. ಆದ್ರೂ ಇನ್ನೊಂದ್ಸಲ ತೊಳ್ಕೊಂಡು ಬರ್ತೀನಿ, ಇರಿ.”

ದೊಡ್ಡಮ್ಮ ರಿಜಿಸ್ಟರು ಹಿಡಿದು ಪಿಸುಗುಟ್ಟಿದಳು. “ಓದುಗರ ಕಾರ್ಡಿಲ್ಲ ಕಣೇ ಅವರಿಗೆ. ಏನಂತ ಬರೀಲಿ?”

“ನನ್ನ ಹೊಣೆ ಅಂತ ಬರೀರಿ.”

ಕಾಗದ ಹಳದಿಯಾಗಿತ್ತು, ಅಕ್ಷರ ಗಟ್ಟಿಯಾಗಿತ್ತು. ‘ಗ್ರಂಥಪಾಲಕಿಯು ಮನೆಮನೆಗೆ ಬಂದು, ಬೇಡವೆಂದರೂ ಕೇಳದೆ ನಮ್ಮ ಕೈಗೆ ಪುಸ್ತಕ ತುರುಕಿದರು’ ಎಂದು ಗ್ರಂಥಾಲಯದವರು ಮೊದಲೇ ಟೈಪು ಮಾಡಿಟ್ಟಿದ್ದ ಹೇಳಿಕೆ. ಅದಕ್ಕೆ ಅಡ್ಡಗೆರೆ. ಕೆಳಗೆ ಪೆನ್ಸಿಲಿನಲ್ಲಿ, ಹೊಸದಾಗಿ ಕಲಿತ ಅಕ್ಷರದಲ್ಲಿ, ಎರಡೇ ಪದ: ‘ನಾವೇ ಕೇಳಿದ್ವಿ.’ ಆಮೇಲೆ ಮೂವತ್ತು ಹೆಬ್ಬೆಟ್ಟುಗಳು, ಒಂದು ಸಹಿ.

“ಒಗೆಯೋ ಹೆಂಗಸರು, ಓದೋಕೆ ಬರಲ್ಲ, ಎಲ್ಲಿ ಒತ್ತು ಅಂದ್ರೆ ಅಲ್ಲಿ ಒತ್ತುತಾರೆ ಅನ್ಕೊಂಡಿದ್ರು,” ಎಂದರು ಅಮ್ಮ. ನಗುತ್ತಲೇ ಹೇಳಿದರು. “ನಾನು ಓದಿಬಿಟ್ಟೆ! ಅಕ್ಕ ಕೊಟ್ಟಿದ್ದ ಪುಸ್ತಕದಲ್ಲಿ ಆಗತಾನೇ ಅಕ್ಷರ ಕೂಡಿಸೋದು ಕಲಿತಿದ್ದೆ. ಉಳಿದೋರಿಗೆಲ್ಲ ಜೋರಾಗಿ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತೋರು ಮೂವತ್ತು ಜನ, ಬರೆಯೋಳು ನಾನೊಬ್ಳೇ. ನನ್ನ ಜೀವಮಾನದ ಮೊದಲನೇ ಸಹಿ.” ಬೆರಳ ತುದಿಯನ್ನು ಸಹಿಯ ಮೇಲೆ ತಾಗಿಸಿಯೂ ತಾಗಿಸದ ಹಾಗೆ ಹಿಡಿದರು. “ಅಯ್ಯೋ, ಇಷ್ಟು ಸೊಟ್ಟಗಿತ್ತಾ? ಕೋಳಿ ಕೆದರಿದ ಹಾಗಿದೆ.”

 ಮೂಲೆಯಲ್ಲಿ ದೊಡ್ಡಮ್ಮನ ಸೂಜಿ ನಿಂತಿತ್ತು.

“ಅಕ್ಕ ಇದನ್ನ ಎದೆಗೆ ಒತ್ತಿಕೊಂಡು ಹೋಗಿದ್ದಾಳೆ,” ಎಂದರು ಅಮ್ಮ, ತಮ್ಮಷ್ಟಕ್ಕೆ. “ನಾನು ಸುಟ್ಟುಹಾಕಿದ್ರು ಅಂತ ನಲವತ್ತು ವರ್ಷ ಬೈಕೊಂಡೆ.” ಆಮೇಲೆ ಕಡತಗಿತ್ತಿಯ ಕಡೆ ತಿರುಗಿದರು. “ಪಟ್ಟಿಗೆ ಸೇರಿಸಿದೋಳು ನೀನಾ ಮಗಳೇ? ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಐದು ವರ್ಷ ಕೆಲಸ ಮಾಡಿದ್ದಕ್ಕೆ ಆ ಕಟ್ಟಡದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.  ಮುಖ ಮುಚ್ಚಿಕೊಳ್ಳಲು ಕಡತ ಎತ್ತಿದಳು, ಮೂಗು ಸುಮ್ಮನಿರುತ್ತದೆಯೇ? ಸೀನಿದಳು.

“ಓಹೋ! ಇದೇನಾ ಸೀನು!” ಅಮ್ಮ ಚಪ್ಪಾಳೆ ತಟ್ಟಿದರು. “ಒಂದು ತಿಂಗಳಿಂದ ಮನೇಲಿ ಬರೀ ಇದೇ ಕಥೆ. ಇವತ್ತು ಸೀನು ಹಂಗೆ, ಇವತ್ತು ಸೀನು ಹಿಂಗೆ. ಸೀನು ಅಂತ ಯಾರೋ ಹೊಸ ಗೆಳೆಯ ಸಿಕ್ಕಿದಾನೆ ಅನ್ಕೊಂಡಿದ್ದೆ ನಾನು. ಊಟಕ್ಕೆ ಕರ್ಕೊಂಡು ಬಾರೋ ಅಂತಾನೂ ಹೇಳಿದ್ದೆ!”

“ಅಮ್ಮಾ...” ಎಂದ ಅವನು. ದಾಸವಾಳ ಮತ್ತೆ ಅರಳಿತು.

ದೊಡ್ಡಮ್ಮ ಅಮ್ಮನನ್ನು ಚಹಾಕ್ಕೆಂದು ಕರೆದುಕೊಂಡು ಹೋದಳು, ಹೋಗುವಾಗ ಬಾಗಿಲನ್ನು ಅಗತ್ಯಕ್ಕಿಂತ ಮೆಲ್ಲಗೆ ಎಳೆದುಕೊಂಡು.

ಕಿಟಕಿಯ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಆ ಕಡೆ ಅವನು, ಈ ಕಡೆ ಅವಳು.

“ಥ್ಯಾಂಕ್ಸ್,” ಎಂದ.

“ಅದನ್ನ ಅಕ್ಕನಿಗೆ ಹೇಳಿ. ಉಳಿಸಿದ್ದು ಅವರು.”

“ಅಕ್ಕನಿಗೆ ಹೇಳಿದ್ದು ಹನ್ನೊಂದನೇ ದಿನವೇ ಆಯ್ತು. ಇದು ನಿಮಗೆ. ಆಮೇಲಿನ ಹದಿನೈದು ದಿನಕ್ಕೆ.” ಉಸಿರು ತೆಗೆದುಕೊಂಡ. “ನನಗೆ ಮಾತು ಸರಿಯಾಗಿ ಬರಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಇವತ್ತು ಯಾವ ಪೆಟ್ಟಿಗೆ ಕೇಳ್ಲಿ ಅಂತ ಯೋಚನೆ ಬರುತ್ತೆ. ಹತ್ತು ಗಂಟೆ ಆಗೋವರೆಗೂ ನಾನು ನಾನಾಗಿರಲ್ಲ. ನಲವತ್ತೆರಡೇ ಪೆಟ್ಟಿಗೆ ಇದೆಯಲ್ಲ, ಮುಗಿದೋದ್ರೆ ಏನ್ ಮಾಡ್ಲಿ ಅಂತ ಭಯ ಆಗುತ್ತೆ.”

ಅವಳು ಚೀಟಿಗಳ ಕಟ್ಟನ್ನು ಅವನ ಮುಂದಿನಿಂದ ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

“ನಾಳೆಯಿಂದ ಕಾರಣ ಬರೀಬೇಡಿ.”

“ಮತ್ತೆ?”

“ಸುಮ್ನೆ ಬನ್ನಿ.”

ಟ್ಯೂಬ್‌ಲೈಟು ಹತ್ತಿಕೊಳ್ಳಲು ಮೂರು ಸೆಕೆಂಡು ಬೇಕಾಯಿತು. ಹತ್ತಿಕೊಂಡ ಮೇಲೆ ಆ ಕೋಣೆಯಲ್ಲಿ ಬಿಸಿಲಿಗೂ ಕೆಲಸವಿರಲಿಲ್ಲ.

*

ಶುಕ್ರವಾರ ಸಂಗ್ರಹದ ಉದ್ಘಾಟನೆ. ದೊಡ್ಡ ಬ್ಯಾಂಕಿನ ಅಧ್ಯಕ್ಷರು ಬರುವವರಿದ್ದರು. ಬುಧವಾರ ಹನ್ನೊಂದಕ್ಕೆ ನಿರ್ದೇಶಕರು ಅವಳನ್ನು ಕರೆಸಿದರು. ಅವಳು ಅವನೊಡನೆ ಓದುಕೋಣೆಯಲ್ಲಿದ್ದುದರಿಂದ, “ಅವರೂ ಬರ್ಲಿ” ಎಂದು ಹೇಳಿಕಳಿಸಿದರು.

ಮೇಜಿನ ಮೇಲೆ ಎರಡು ಕಾಗದ. ಒಂದು ಅವಳ ಪಟ್ಟಿಯ ಮೊದಲ ಪುಟ. ಇನ್ನೊಂದು ಅವಳ ಒಪ್ಪಂದ.

“ಚೆನ್ನಾಗಿ ಮಾಡಿದೀಯಮ್ಮಾ,” ಎಂದರು ನಿರ್ದೇಶಕರು. ಒಳ್ಳೆಯ ಮಾತಿನಿಂದ ಶುರುಮಾಡುವ ಅಧಿಕಾರಿಗಳನ್ನು ಕಂಡರೆ ಅವಳಿಗೆ ಭಯ. “ಒಂದು ಸಣ್ಣ ತಿದ್ದುಪಡಿ. ‘ಈ ಗ್ರಂಥಾಲಯವು ಅವರನ್ನು ಕೆಲಸದಿಂದ ತೆಗೆದುಹಾಕಿತು.’ ಕಿವಿಗೆ ಸ್ವಲ್ಪ ಒರಟು ಅಲ್ವಾ? ‘ತೆಗೆದುಹಾಕಲಾಯಿತು’ ಅನ್ನೋಣ.”

“ಯಾರು ತೆಗೆದುಹಾಕಿದ್ದು ಅಂತ ಗೊತ್ತಾಗಲ್ಲ ಸರ್ ಆಗ.”

“ಅದಕ್ಕೇ ಅಲ್ವಾ ಹಾಗೆ ಬರೆಯೋದು! ಸರಿ ಬಿಡು, ‘ಸೇವೆಯಿಂದ ಬಿಡುಗಡೆ ಹೊಂದಿದರು’?”

“ಜೈಲಲ್ಲಿರ್ಲಿಲ್ಲ ಸರ್ ಅವರು.”

“‘ಸೇವೆ ತೊರೆದರು.’ ಮುಗೀತು. ಎರಡೇ ಪದ. ಅಷ್ಟು ತಿದ್ದಿದ್ರೆ ಆ ವಿಚಾರಣೆ ಕಡತಾನೂ ಪಟ್ಟಿಯಲ್ಲಿ ಇರಬೇಕಾಗಿಲ್ಲ, ನನ್ನ ಬೀರುವಲ್ಲಿ ಭದ್ರವಾಗಿರುತ್ತೆ.”

ನೋಡಿ, ಒಬ್ಬ ಹೆಂಗಸಿನ ಬಾಳನ್ನು ಕಸಿದುಕೊಳ್ಳಲು ಕತ್ತಿ ಬೇಕಿಲ್ಲ. ಕರ್ತೃಪದವನ್ನು ಕಸಿದುಕೊಂಡರೆ ಸಾಕು. ಮೊದಲು ತೆಗೆದುಹಾಕಿದವರು ಮಾಯವಾಗುತ್ತಾರೆ, ಆಮೇಲೆ ತೆಗೆದುಹಾಕಿದ್ದು ಮಾಯವಾಗುತ್ತದೆ, ಕೊನೆಗೆ ಆಕೆಯೇ ತನ್ನ ಕಾಲಲ್ಲಿ ನಡೆದು ಹೋದಳು ಎಂದಾಗುತ್ತದೆ. ಮೂವತ್ತು ಹೆಬ್ಬೆಟ್ಟುಗಳು, ಒಂದು ಸಹಿ, ಬೀರುವಿನ ಕತ್ತಲಿಗೆ.

“ಇನ್ನೊಂದು,” ನಿರ್ದೇಶಕರು ರಿಜಿಸ್ಟರು ತೆರೆದರು. “ಕಾರ್ಡಿಲ್ಲದ ಹೆಂಗಸಿಗೆ ಕಡತ ತೋರಿಸಿದೀಯ. ಕರ್ಕೊಂಡು ಬಂದವರು ಇವರು. ನಿಯಮ ನಿಯಮವೇ. ಇವರ ಓದುಗರ ಕಾರ್ಡ್ ರದ್ದು ಮಾಡು. ಬ್ಯಾಂಕಿನವರಿಗೂ ಫೋನ್ ಮಾಡಿ ಹೇಳಿದೀನಿ, ವಾಪಸ್ ಕರೆಸ್ಕೊಳ್ತಾರೆ. ಇನ್ಮೇಲೆ ಆ ಕೋಣೆಯಲ್ಲಿ ಇವರು ಕಾಣಿಸಬಾರದು.”

ಬಾಗಿಲ ಬಳಿ ನಿಂತಿದ್ದ ಅವನು ಮುಂದೆ ಬಂದ. ಅವಳ ಒಪ್ಪಂದದ ಕಡೆ ನೋಡಿದ. ಸಹಿಯ ಜಾಗ ಇನ್ನೂ ಖಾಲಿ. ಜೇಬಿನಿಂದ ಓದುಗರ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

“ತಗೊಳ್ಳಿ ಸರ್. ತಪ್ಪು ನನ್ನದು. ಅವರ ಕೆಲಸಕ್ಕೆ ತೊಂದರೆ ಕೊಡ್ಬೇಡಿ.”

“ನೋಡಮ್ಮಾ, ತಿಳಿದವರು,” ಎಂದರು ನಿರ್ದೇಶಕರು.

ಅವಳು ಅವನನ್ನು ನೋಡಿದಳು. ತನಗಾಗಿ ಒಬ್ಬ ತನ್ನ ಬೆಳಗಿನ ಹತ್ತು ಗಂಟೆಯನ್ನು ಮೇಜಿನ ಮೇಲೆ ಇಟ್ಟಿದ್ದ. ಎದೆಯಲ್ಲಿ ಏನೋ ತುಂಬಿ ಬಂತು, ಅದಕ್ಕೆ ವಂದನೆ ಎಂಬ ಪದ ಸಾಲದು. ಕೈ ಚಾಚಿ ಕಾರ್ಡನ್ನು ಎತ್ತಿಕೊಂಡಳು, ಅವನ ಹತ್ತಿರ ಹೋಗಿ ಅಂಗಿಯ ಜೇಬಿನಲ್ಲಿ ಅದನ್ನು ಇಳಿಸಿ, ಜೇಬಿನ ಮೇಲೆ ಒಮ್ಮೆ ಅಂಗೈ ಒತ್ತಿದಳು. ಗಂಜಿಯ ಕೆಳಗೆ ಅವನ ಗುಂಡಿಗೆ ಓಡುತ್ತಿತ್ತು.

“ಏನಿದು?” ನಿರ್ದೇಶಕರ ದನಿ ಏರಿತು. ಆಮೇಲೆ ಒಪ್ಪಂದದ ಮೇಲೆ ಪೆನ್ನು ಹಿಡಿದರು, ದನಿ ಉದಾರಿಯ ಹಾಗೆ ಇಳಿಯಿತು. “ಆಯ್ತು, ನಾನೂ ಕಲ್ಲಲ್ಲ. ಸಾಲು ತಿದ್ದು, ಇಲ್ಲ ಇವರನ್ನ ಹೊರಗೆ ಕಳಿಸು. ಎರಡರಲ್ಲಿ ಒಂದಾದರೂ ಮಾಡು, ಈಗಲೇ ಸಹಿ ಹಾಕ್ತೀನಿ.”

“ಎರಡೂ ಆಗಲ್ಲ, ಸರ್,” ಎಂದಳು ಕಡತಗಿತ್ತಿ.